ಮಂಡಿಗೆ ಕೀಲೆಣ್ಣೆ

ಸಸ್ಕಟೂನ್ ನಗರದ ಮೂಳೆ ಡಾಕ್ಟರಿಗೆ ಮಣಿಕಟ್ಟು ತೋರಿಸಲು ಬಂದು ಕೂತಿದ್ದ ಮಾರ್ಲಿಸಳ ಮೂಗಿಗೆ ಮೊದಲು ಬಡಿದದ್ದು ಬಾಗಿಲ ಕೀಲಿಗೆ ಬಿಡುವ ಎಣ್ಣೆಯ ವಾಸನೆ. ಅದು ಎದುರಿನ ಕುರ್ಚಿಯಲ್ಲಿದ್ದ ಮುದುಕನ ಮಂಡಿಯಿಂದ ಬರುತ್ತಿತ್ತು. ಪಕ್ಕದಲ್ಲಿ ಅವನ ಹೆಂಡತಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಿದ್ದಳು.

"ಮಂಡಿಗೆ ಯಾರಾದ್ರೂ ಕೀಲೆಣ್ಣೆ ಹೊಡ್ಕೋತಾರಾ, ನಾರ್ಬರ್ಟ್?"

"ಮೆಲ್ಲಗೆ ಮಾತಾಡೇ, ಲಿಯೋನಾ. ನಲವತ್ತು ವರ್ಷ ಊರಿಗೆಲ್ಲ ಬಾಗಿಲು ಕೂರಿಸಿದೀನಿ. ಮಂಡೀನೂ ಒಂದು ಕೀಲೇ."

"ಬಾಗಿಲಿಗೆ ಚರ್ಮ ಇರುತ್ತಾ? ಮಂಡಿ ಒಳಗೆ ಅದರದ್ದೇ ಎಣ್ಣೆ ಇರುತ್ತಂತೆ. ನಿನ್ನದು ಮೂಳೆಗೆ ಮೂಳೆ ಉಜ್ತಿದೆ ಅಂತ ಡಾಕ್ಟರ್ ಹೋದ್ಸಲಾನೇ ಹೇಳಿದ್ರಲ್ಲ."

"ಬೆಳಿಗ್ಗೆ ಎರಡು ಮೆಟ್ಟಿಲು ಹಾಯಾಗಿ ಹತ್ತಿದೆ."

"ಮೂರನೇದಕ್ಕೆ ನನ್ನ ಭುಜ ಹಿಡ್ಕೊಂಡೆ."

"ಶನಿವಾರ ಕರ್ಲಿಂಗ್ ಪಂದ್ಯ ಇದೆ. ಐಸ್ ಮೇಲೆ ಮಂಡಿ ಮಡಚಿ ಕಲ್ಲು ಜಾರಿಸೋಕಾದ್ರೆ ನನಗೆ ಸಾಕು."

"ನಿಂತ್ಕೊಂಡು ಕೋಲಲ್ಲಿ ತಳ್ಳು. ನಿನ್ನ ವಯಸ್ಸಿನವರೆಲ್ಲ ಹಾಗೇ ಆಡ್ತಾರೆ."

"ಕೋಲು ಹಿಡಿಯೋದು ಮುದುಕರು!"

"ಓಹೋ, ಎಪ್ಪತ್ತೆಂಟರ ಹುಡುಗ!"

ನರ್ಸ್ ಹೆಸರು ಕರೆದಳು. ಮುದುಕ ಕುರ್ಚಿಯ ಕೈ ಒತ್ತಿಹಿಡಿದು ಎದ್ದ. ಮಂಡಿ ಕಿರ್ರೆಂದದ್ದು ಮಾರ್ಲಿಸಳಿಗೂ ಕೇಳಿಸಿತು.

ಹೆಂಡತಿ ಅವನ ತೋಳಿಗೆ ತೋಳು ಕೊಟ್ಟಳು. "ನಮ್ಮ ಬಚ್ಚಲ ಬಾಗಿಲೂ ಹೀಗೇ ಕಿರುಗುಟ್ಟುತ್ತೆ, ಹನ್ನೊಂದು ವರ್ಷದಿಂದ. ಆ ಎಣ್ಣೆ ಡಬ್ಬಿ ನಾನು ತಂದಿಟ್ಟಿದ್ದು ಅದಕ್ಕೆ ಕಣಯ್ಯ, ನಿನಗಲ್ಲ."