ಗೆಜ್ಜೆಯಿಲ್ಲದ ಹೆಜ್ಜೆ

ದೀಪ ಇರಲಿ, ಆರಿಸಬೇಡಿ... ಇದು ಕಟ್ಟಿ ಹೇಳುವ ಕತೆಯಲ್ಲ. ನಮ್ಮ ಪಕ್ಕದ ಮನೆಯ ಇಂದ್ರಾಣಿಗೆ ಆದದ್ದು.

ಏರ್‌ಪೋರ್ಟ್ ಬಸ್ಸು ಇಂದ್ರಾಣಿಯನ್ನೂ ಗಂಡ ಸಿದ್ದರಾಜುವನ್ನೂ ಸಾರಕ್ಕಿ ಸಿಗ್ನಲ್ಲಿನಲ್ಲಿ ಇಳಿಸಿ ಹೋದಾಗ ಹೊತ್ತು ಮೀರಿತ್ತು. ಅಷ್ಟು ಹತ್ತಿರಕ್ಕೆ ಯಾವ ಆಟೋದವನೂ ಬರಲಿಲ್ಲ. ಸರಿ, ನಡೆದೇ ಹೊರಟರು. ಹಳೇ ಊರಿನ ಓಣಿ. ಕಬ್ಬಿಣದ ಜಾಲರಿ ಮುಚ್ಚಿದ ಬಾವಿ, ಅದರ ಮೇಲೆ ಬಾಗಿದ ಆಲದ ಮರ. ಸೂಟ್‌ಕೇಸಿನ ಚಕ್ರ ಗರಗರ ಅನ್ನುತ್ತಿತ್ತು. ಮರದ ಕೆಳಗೆ ಬಂದಾಗ ಇನ್ನೊಂದು ಸದ್ದು ಸೇರಿಕೊಂಡಿತು. ತಪ್... ತಪ್... ತಪ್... ಬರಿಗಾಲು. ಪುಟ್ಟ ಕಾಲು. ಸಿದ್ದರಾಜು ನಿಂತ. ಚಕ್ರ ನಿಂತಿತು. ಆ ಸದ್ದೂ ನಿಂತಿತು.

"ತಿರುಗಬೇಡ," ಅಂದ, ಪಿಸುದನಿಯಲ್ಲಿ.

ಇಂದ್ರಾಣಿಗೆ ಹೆದರಿಕೆ ಆಗಲಿಲ್ಲ. ಅವಳ ಎದೆ ಹೊಡೆದುಕೊಂಡದ್ದು ಆಸೆಗೆ.

ಯಾಕೆ ಅಂತ ಹೇಳಬೇಕು. ಅವರ ಒಬ್ಬಳೇ ಮಗಳು ಹಂಸಾ ಅದರ ಹಿಂದಿನ ಮಳೆಗಾಲ ಡೆಂಗ್ಯೂ ಬಂದು ತೀರಿಕೊಂಡಿದ್ದಳು. ಏಳು ವರ್ಷದ ಕೂಸು. ಸಿದ್ದರಾಜುವಿನದು ಪೇಂಟ್ ಅಂಗಡಿ, ಆದರೆ ತನ್ನ ಮನೆಗೇ ಬಣ್ಣ ಬಳಿಸಿರಲಿಲ್ಲ. ಬೀದಿಯವರು ಆಡಿಕೊಳ್ಳುತ್ತಿದ್ದೆವು. ಆಮೇಲೆ ಗೊತ್ತಾಯಿತು. ಬಾಗಿಲ ಹೊರಗೆ, ಗೋಡೆಯಲ್ಲಿ, ಹಂಸಾಳ ಅಂಗೈ ಗುರುತಿತ್ತು. ದಿನಾ ಶೂ ಹಾಕುವಾಗ ತಲೆಗೆ ಎಣ್ಣೆ ಸವರಿದ ಕೈ ಊರಿ ಊರಿ ಆದ ಜಿಡ್ಡಿನ ಕಲೆ. ಅದರ ಮೇಲೆ ಬ್ರಶ್ ಆಡಿಸಲು ಯಾರಿಗೆ ಮನಸ್ಸು ಬರುತ್ತೆ ಹೇಳಿ.

ಆ ವರ್ಷ ಪೇಂಟ್ ಕಂಪನಿಯವರು ಡೀಲರುಗಳನ್ನು ಈಜಿಪ್ಟಿಗೆ ಕರೆದೊಯ್ದರು. ಮನಸ್ಸು ಸ್ವಲ್ಪ ಹಗುರಾಗಲಿ ಅಂತ ಸಿದ್ದರಾಜು ಹೆಂಡತಿಯನ್ನೂ ಹೊರಡಿಸಿದ. ಅಲ್ಲಿ ಲಕ್ಸರ್ ಅನ್ನೋ ಊರಿನಲ್ಲಿ ಒಂದು ದಿನದ ತಿರುಗಾಟ. ಕೊಡೆ ಎತ್ತಿ ಹಿಡಿದ ಗೈಡ್ ಮುಂದೆ, ಇವರ ಹಿಂಡು ಹಿಂದೆ. ಬೆಳಿಗ್ಗೆ ಕಾರ್ನಾಕ್‌ನ ದೊಡ್ಡ ದೇವಸ್ಥಾನ. ಇಂದ್ರಾಣಿ ಅಭ್ಯಾಸಬಲದಿಂದ ಹೊರಗೇ ಚಪ್ಪಲಿ ಬಿಟ್ಟು, ಕಾದ ಕಲ್ಲಿನ ಮೇಲೆ ಕುಣಿದದ್ದೂ ಆಯಿತು. ಮಧ್ಯಾಹ್ನ ನದಿಯಾಚೆ, ಗುಡ್ಡ ಕೊರೆದು ಮಾಡಿದ ಗೋರಿಗಳು. ಮೂರು ಸಾವಿರ ವರ್ಷದ ನೀಲಿ ಬಣ್ಣ ನಿನ್ನೆ ಬಳಿದ ಹಾಗಿತ್ತು. ವಾರಂಟಿ ಅಂದರೆ ಇದು ಗುರು, ಅಂತ ಡೀಲರುಗಳು ನಕ್ಕರು.

ಕೊನೆಯದು ಒಬ್ಬ ರಾಜಕುಮಾರನ ಗೋರಿ. ಚಿಕ್ಕ ಹುಡುಗ. ಬೋಳುತಲೆ, ಕಿವಿಯ ಪಕ್ಕ ಒಂದೇ ಜಡೆ. ಪ್ರತಿ ಗೋಡೆಯಲ್ಲೂ ಅಪ್ಪ ಮುಂದೆ, ಮಗ ಹಿಂದೆ. ಅಪ್ಪ ಒಬ್ಬೊಬ್ಬ ದೇವರಿಗೂ ಮಗನನ್ನು ತೋರಿಸಿ ಒಪ್ಪಿಸುತ್ತಿದ್ದಾನೆ. ಸತ್ತವರ ಲೋಕದಲ್ಲಿ ಹುಡುಗನಿಗೆ ಭಯ ಆಗದಿರಲಿ ಅಂತ, ಅಂದ ಗೈಡ್. ಇಂದ್ರಾಣಿ ಅಲ್ಲೇ ನಿಂತುಬಿಟ್ಟಳು. ತನ್ನ ಮಗಳನ್ನು ಯಾರ ಕೈಗೆ ಒಪ್ಪಿಸಿ ಕಳಿಸಿದ್ದಳು ಅವಳು? ಯಾರೂ ಇರಲಿಲ್ಲ. ಎಲ್ಲರೂ ಮೆಟ್ಟಿಲು ಹತ್ತಿದರು, ಇವಳೊಬ್ಬಳೇ ಉಳಿದಳು. ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬಾರದು, ಬಾ ಅಂತ ಯಾರನ್ನೂ ಕರೆಯಬಾರದು. ಚಿಕ್ಕಂದಿನಿಂದ ಕೇಳಿದ್ದೇ. ಆದರೂ ಕತ್ತಲ ಕಡೆ ಮುಖ ಮಾಡಿ ಕರೆದುಬಿಟ್ಟಳು.

"ಬಾ ಕಂದಾ... ಮನೆಗೆ ಹೋಗೋಣ."

ಈಗ, ಅಲ್ಲಿಂದ ಊರಿಗೆ ಮರಳಿದ ರಾತ್ರಿ, ಆಲದ ಕೆಳಗೆ ಅವಳು ಕಿವಿಗೊಟ್ಟು ನಿಂತಿದ್ದಳು. ಹಂಸಾ ಗೆಜ್ಜೆ ಬಿಚ್ಚಿದವಳೇ ಅಲ್ಲ. ಗೆಜ್ಜೆ ಸಮೇತ ಮಣ್ಣು ಮಾಡಿದ್ದರು. ಇಂದ್ರಾಣಿ ಒಂದು ಹೆಜ್ಜೆ ಇಟ್ಟಳು. ಹಿಂದಿನಿಂದ ತಪ್. ಇನ್ನೊಂದು. ತಪ್... ಗಿಲ್ ಅನ್ನಲಿಲ್ಲ.

"ಗೆಜ್ಜೆ ಸದ್ದಿಲ್ಲ ಕಣ್ರೀ," ಅಂದಳು. "ನಮ್ಮ ಮಗು ಅಲ್ಲ ಇದು."

ಮನೆ ಬಂತು. ಹೆಜ್ಜೆ ಹೊಸಿಲಿನ ಹೊರಗೆ ನಿಂತಿತು. ಕಣ್ಣಿಗೆ ಏನೂ ಇಲ್ಲ... ಉಸಿರು ಮಾತ್ರ. ದೂರ ನಡೆದು ಸುಸ್ತಾದ ಮಗುವಿನ ಉಸಿರು, ಸುಂಯ್... ಸುಂಯ್. ಒಳಗೆ ಬಾ ಅಂದರೆ ಸಾಕಿತ್ತು. ಒಳಗೆ ಹಂಸಾಳ ಹಾಸಿಗೆ ಹಾಸಿದಂತೆಯೇ ಇತ್ತು. ಕರೆಯಬೇಕು ಅನ್ನಿಸಿತ್ತು, ಯಾರ ಮಗುವಾದರೂ ಸರಿ ಅನ್ನಿಸಿತ್ತು ಅಂತ ಆಮೇಲೆ ನನ್ನ ಹತ್ತಿರ ಅತ್ತಿದ್ದಾಳೆ. ಆದರೆ ಗೋರಿಯ ಗೋಡೆಯ ಮೇಲಿನ ಆ ಅಪ್ಪ ನೆನಪಾದ. ಅವನು ಹಿಂದೆ ತಿರುಗಿ ನೋಡಿದಾಗ ಮಗ ಇಲ್ಲದಿದ್ದರೆ...

ಇಂದ್ರಾಣಿ ಹೊಸಿಲ ಪಕ್ಕ ಕೂತಳು.

"ನಾನು ಕರೆದದ್ದು ನಿನ್ನನ್ನಲ್ಲಪ್ಪಾ. ತಪ್ಪಾಯ್ತು. ನಿಮ್ಮಪ್ಪ ಹುಡುಕ್ತಿರ್ತಾರೆ..."

ಉಸಿರು ಕದಲಲಿಲ್ಲ. ಹೋಗು ಅನ್ನಬೇಕಿತ್ತು, ಅಷ್ಟೇ. ಬಾಗಿಲಲ್ಲಿ ನಿಂತ ಮಗುವಿಗೆ ಬರೀ ಹೋಗು ಅನ್ನಲು ಯಾವ ತಾಯಿಗೆ ನಾಲಿಗೆ ಏಳುತ್ತೆ? ದಿನಾ ಹಂಸಾಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವಾಗಿನ ಮಾತೇ ಬಾಯಿಗೆ ಬಂತು.

"ಹೋಗಿ ಬಾ, ಮಗಾ."

ತಪ್... ತಪ್... ಬಾವಿಯ ಕಡೆಗೆ ಹೋಯಿತು. ಜಾಲರಿ ಒಮ್ಮೆ ಟಣ್ ಅಂದಿತು. ಆಮೇಲೆ ಏನೂ ಇಲ್ಲ. ಹಂಸಾ ಹೋದ ದಿನ ಕಲ್ಲಾಗಿ ಕೂತಿದ್ದ ಇಂದ್ರಾಣಿ ಅವತ್ತು ಬೆಳಕು ಹರಿಯುವವರೆಗೆ ಅತ್ತಳು. ನಮ್ಮ ಮನೆಗೆ ಕೇಳಿಸಿದೆ.

ಬೆಳಿಗ್ಗೆ ನಾನೇ ಹೋಗಿ ನೋಡಿದೆ. ಜಿಡ್ಡಿನ ಕಲೆಯ ಪಕ್ಕ, ಗೇಣು ಕೆಳಗೆ, ಇನ್ನೊಂದು ಪುಟ್ಟ ಅಂಗೈ. ನೀಲಿ. ಸಿದ್ದರಾಜು ಅಂಗಡಿಯಲ್ಲಿದ್ದ ಶೇಡ್ ಕಾರ್ಡುಗಳನ್ನೆಲ್ಲ ತಂದು ಹಿಡಿದ, ಯಾವುದೂ ಹೊಂದಲಿಲ್ಲ. ನಂಬದಿದ್ದರೆ ಬೆಳಕಾದ ಮೇಲೆ ಬನ್ನಿ, ಗೋಡೆ ಅಲ್ಲೇ ಇದೆ. ಹೋಗಿ ಬಾ ಅಂದಿದ್ದಳಲ್ಲ... ಆಗ ನೀಲಿ ಒಂದಿತ್ತು. ಈಗ ಮೂರಿವೆ, ಮೂರೂ ನೀಲಿ. ಹಂಸಾಳದು ಮಾತ್ರ ಆ ಹಳೆಯದೊಂದೇ.