ಪುಸ್ತಕದಲ್ಲಿಲ್ಲದ ಆಮೆನ್

ಕಣ್ಣಿಗೆ ಹನಿ ಹಾಕಿಸಿಕೊಂಡು, ರೆಪ್ಪೆ ಮುಚ್ಚಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ದರ್ಜಿಯ ಕಿವಿಗಷ್ಟೇ ಕೆಲಸವಿತ್ತು. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಪಿಸುಗುಡುತ್ತಿದ್ದರು.

“ಪಕ್ಕದ್ಮನೆ ಅಜ್ಜಿಗೆ ಕಣ್ಣು ಕಾಣಲ್ಲ ಅಂತ ದಿನಾ ಸಂಜೆ ಅವರ ಧರ್ಮದ ಪುಸ್ತಕ ಓದಿ ಹೇಳ್ತಿದ್ದೆ ಕಣೆ.”

“ಚರ್ಚಲ್ಲಿ ಮಕ್ಕಳಿಗೆ ಪಾಠ ಹೇಳೋಳು ನೀನು! ಪಾದ್ರಿಗಳಿಗೆ ಗೊತ್ತಾ ಅಕ್ಕಾ?”

“ಓದಿಹೇಳು ಅಂದವರೇ ಅವರು. ನನ್ನ ಸಂಕಟ ಬೇರೆ. ಮೊದಲ ದಿನ ಓದಿ ಮುಗಿಸಿದವಳೇ ಬಾಯಿತಪ್ಪಿ ‘ಆಮೆನ್’ ಅಂದ್ಬಿಟ್ಟೆ.”

“ಅಯ್ಯೋ! ಅಜ್ಜಿ ಬೈದ್ರಾ?”

“ಅದೂ ಪುಸ್ತಕದಲ್ಲೇ ಇದೆ ಅಂದ್ಕೊಂಡು ತಾವೂ ಅಂದ್ರು. ಅವತ್ತಿಂದ ದಿನಾ ಅಂತಾರೆ. ನಿಜ ಹೇಳೋಕೆ ನನಗೆ ಬಾಯೇ ಬರ್ಲಿಲ್ಲ.”

“ಆಪರೇಷನ್ ಆಯ್ತಲ್ಲ, ಒಳಗೆ ಅಜ್ಜಿ ಕಣ್ಣಿನ ಪಟ್ಟಿ ಬಿಚ್ತಿದ್ದಾರೆ. ಇನ್ನು ಅವರೇ ಓದ್ಕೋತಾರೆ.”

“ಅದೇ ಭಯ ಕಣೆ, ಪುಸ್ತಕದಲ್ಲಿ ಆಮೆನ್ ಇಲ್ಲ ಅಂತ ಗೊತ್ತಾಗ್ಬಿಡುತ್ತೆ. ಇನ್ನೊಂದಿಷ್ಟು ದಿನ ಕಣ್ಣು ಬರದೇ ಇರ್ಲಪ್ಪಾ ಅಂತ ಮೊಣಕಾಲೂರಿ ಬೇಡ್ಕೊಂಡೆ. ನನ್ನಂಥ ಪಾಪಿ ಇನ್ಯಾರಿದ್ದಾಳೆ?”

ಬಾಗಿಲು ತೆರೆಯಿತು. ಮುದಿ ದನಿಯೊಂದು ನಗುತ್ತಾ ಹತ್ತಿರ ಬಂತು.

“ನಿನ್ನ ಮುಖ ಕಾಣ್ತಿದೆ ಮಗಳೇ! ಸಂಜೆ ಬಾ, ನಾನೇ ಓದ್ತೀನಿ. ‘ಆಮೆನ್’ ಇರೋ ಪುಟ ಮೊದಲು ತೋರ್ಸು, ನಂಗೆ ಅದೇ ಇಷ್ಟ.”

ಮೂರು ಜೋಡಿ ಚಪ್ಪಲಿಯ ಸದ್ದು ದೂರ ಸರಿಯಿತು. ಅಕ್ಕ ಏನನ್ನುತ್ತಾಳೋ ಎಂದು ದರ್ಜಿ ಆ ಸದ್ದಿಗೇ ಕಿವಿಗೊಟ್ಟು ಕೂತ.