ದಡದಲ್ಲಿ ಯಾರೂ ಇರಲಿಲ್ಲ

ಹೇಳಿಕೆ ಕೊಡುತ್ತಿರುವವರು: ಮೃತರ ಹೆಂಡತಿ. ವಯಸ್ಸು: ನಲವತ್ತೊಂದು. ವೃತ್ತಿ: ಸಿಟಿ ಬಸ್ ಚಾಲಕಿ. ವಾಸ: ಬಸ್ ಡಿಪೋ ಹಿಂದಿನ ಬೀದಿ, ಮೂರನೇ ಕಟ್ಟಡ, ಎರಡನೇ ಮಹಡಿ.

ನಾನು ಈ ದಿನ ಯಾರೂ ಕರೆಯದೆ ಠಾಣೆಗೆ ಬಂದು, ತನಿಖಾಧಿಕಾರಿಗಳ ಮುಂದೆ ಹೇಳಿ ಬರೆಸುತ್ತಿರುವುದೇನೆಂದರೆ, ಮೇಲಿನ ವಿಳಾಸದಲ್ಲಿ ನಾನು, ನನ್ನ ಗಂಡ ಮತ್ತು ನನ್ನ ಅತ್ತೆ ವಾಸವಾಗಿದ್ದೆವು. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್ ಆಗಿದ್ದರು. ನನ್ನ ಒಡಹುಟ್ಟಿದ ತಮ್ಮ ಪಕ್ಕದ ಬೀದಿಯ ಬೇಕರಿಯಲ್ಲಿ ಒಲೆಯ ಕೆಲಸ ಮಾಡುತ್ತಾನೆ, ಅವನ ಪಾಳಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕಳೆದ ಗುರುವಾರ ಸಂಜೆ ನನ್ನ ಗಂಡ ಸಮುದ್ರದಲ್ಲಿ ಬಿದ್ದು ತೀರಿಕೊಂಡರು. ಆಗ ಅವರ ಜೊತೆ ನೀರಿನಲ್ಲಿದ್ದವನು ನನ್ನ ತಮ್ಮ ಒಬ್ಬನೇ. ಅವನು ಬೇಕೆಂದೇ ನನ್ನ ಗಂಡನನ್ನು ನೀರಿನಲ್ಲಿ ಬಿಟ್ಟು ಮುಂದೆ ಹೋದನೆಂದು ನನ್ನ ಅತ್ತೆ ಶನಿವಾರ ದೂರು ಕೊಟ್ಟಿದ್ದಾರೆ. ಆಸ್ಪತ್ರೆಯಲ್ಲಿ ನಾನು ತಮ್ಮನ ಕೆನ್ನೆಗೆ ಹೊಡೆದದ್ದನ್ನು ಅಲ್ಲಿದ್ದ ಪೇದೆಯೊಬ್ಬರು ನೋಡಿದ್ದು, ಅದನ್ನೂ ಆ ದೂರಿಗೆ ಸಾಕ್ಷಿಯಾಗಿ ಸೇರಿಸಿದ್ದಾರೆಂದು ನನಗೆ ನಿನ್ನೆ ತಿಳಿಯಿತು. ಹೊಡೆದದ್ದು ನಿಜ. ಯಾಕೆ ಹೊಡೆದೆ ಎಂಬುದನ್ನು ಕಂಡವರೆಲ್ಲ ಊಹಿಸುವುದು ಬೇಡ, ನಾನೇ ಹೇಳುತ್ತೇನೆಂದು ಬಂದಿದ್ದೇನೆ.

ನನ್ನ ಗಂಡ, ತಮ್ಮ ಇಬ್ಬರಿಗೂ ಐದಾರು ವರ್ಷಗಳಿಂದ ಕೈಟ್ ಸರ್ಫಿಂಗ್ ಹುಚ್ಚು. ದೊಡ್ಡ ಗಾಳಿಪಟದ ಹಗ್ಗಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಡಿ ಒಂದು ಹಲಗೆ ಇಟ್ಟುಕೊಂಡು ನೀರಿನ ಮೇಲೆ ಓಡುವ ಆಟ ಅದು. ಎಷ್ಟು ವೇಗದಲ್ಲಿ ಓಡಿದೆವೆಂದು ಅಳೆಯಲು ಅವರ ಬಳಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಜಿಪಿಎಸ್ ಇತ್ತು. ಅದನ್ನು ನೀರು ಹೋಗದ ಚೀಲದಲ್ಲಿ ಹಾಕಿ ತೋಳಿಗೆ ಕಟ್ಟಿಕೊಳ್ಳಬೇಕು, ದಡಕ್ಕೆ ಬಂದ ಮೇಲೆಯೇ ಬಿಚ್ಚಿ ನೋಡಬೇಕು. ಒಂದು ಕ್ಷಣ ಜಿಗಿದ ಅಂಕಿಯನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಬಿದ್ದಾಗ ಕೈ ಬೀಸಿದರೂ ಅಂಕಿ ಜಿಗಿಯುತ್ತದಂತೆ. ಹತ್ತು ಸೆಕೆಂಡು ಬಿಡದೆ ಓಡಿದ್ದರ ಸರಾಸರಿಯೇ ಅವರಿಗೆ ಲೆಕ್ಕ. ಹಾಗೆ ನನ್ನ ಗಂಡನದು ಅತಿ ಹೆಚ್ಚೆಂದರೆ ಗಂಟೆಗೆ ಅರವತ್ತೊಂದು ಕಿಲೋಮೀಟರ್, ತಮ್ಮನದು ಐವತ್ತೆಂಟು.

ಆ ದಿನ ಕಡಿಮೆ ಬಂದವನು ಇಬ್ಬರ ಒದ್ದೆ ಬಟ್ಟೆಯನ್ನೂ ತೊಳೆಯಬೇಕೆಂದು ಅವರಲ್ಲಿ ಒಪ್ಪಂದವಿತ್ತು. ತೊಳೆಯುತ್ತಿದ್ದವನು ಬಹುಮಟ್ಟಿಗೆ ನನ್ನ ತಮ್ಮನೇ. ಭಾಮೈದನಿಗಿಂತ ಕೆಟ್ಟು ನಿಂತ ಲಿಫ್ಟೇ ವಾಸಿ ಎಂದು ನನ್ನ ಗಂಡ ಛೇಡಿಸುತ್ತಿದ್ದರು. ಭಾವನ ಹೊಟ್ಟೆ ನೋಡಿ ಗಾಳಿಗೇ ಅಯ್ಯೋ ಅನಿಸಿ ಎಳೆದುಕೊಂಡು ಹೋಗುತ್ತದೆ ಎಂದು ತಮ್ಮ ತಿರುಗಿಸಿ ಕೊಡುತ್ತಿದ್ದ. ಹಿಂದಿನ ಭಾನುವಾರ ನಮ್ಮ ಮನೆಯ ಊಟದ ಮೇಜಿನಲ್ಲಿ ತಮ್ಮ, ಈ ವಾರ ಭಾವನ ಸೊಕ್ಕು ಇಳಿಸುತ್ತೇನೆ ಎಂದದ್ದು ಹೌದು. ಅತ್ತೆ ದೂರಿನಲ್ಲಿ ಬರೆಸಿದ ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳಿ ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಗಂಡ. ಅತ್ತೆಯೂ ನಕ್ಕಿದ್ದರು, ಅದು ಈಗ ಅವರಿಗೆ ನೆನಪಿರಲಿಕ್ಕಿಲ್ಲ.

ಜಿಪಿಎಸ್ ಒಂದೇ ಇದ್ದುದರಿಂದ ಸರದಿಗಾಗಿ ಇಬ್ಬರೂ ದಿನಾ ಜಗಳ. ಒಬ್ಬನ ಸರದಿ ಮುಗಿಯುವಷ್ಟರಲ್ಲಿ ಗಾಳಿ ಸತ್ತಿತೆಂದು ಇನ್ನೊಬ್ಬ ಮುಖ ಊದಿಸಿಕೊಂಡು ಬರುತ್ತಿದ್ದ. ಬಸ್ ಓಡಿಸಿ ಸುಸ್ತಾಗಿ ಮನೆಗೆ ಬಂದರೆ ಇಬ್ಬರು ದಾಂಡಿಗರ ಪಂಚಾಯ್ತಿ ನನ್ನ ತಲೆಗೆ. ಇಬ್ಬರಿಗೂ ಒಂದೊಂದು ಕೊಡಿಸಿ ಕೈ ತೊಳೆದುಕೋ ಎಂದು ಅತ್ತೆಯೂ ಹೇಳಿದರು. ಅದರಂತೆ ಮೂರು ವಾರದ ಹಿಂದೆ ತಮ್ಮನ ಹುಟ್ಟುಹಬ್ಬಕ್ಕೆ ನಾನು ಒಂದು ಜಿಪಿಎಸ್ ವಾಚ್ ಕೊಟ್ಟೆ. ಓಡುತ್ತಿರುವಾಗಲೇ ಹತ್ತು ಸೆಕೆಂಡಿನ ಸರಾಸರಿಯನ್ನು ದಪ್ಪ ಅಂಕಿಯಲ್ಲಿ ತೋರಿಸುವಂಥದ್ದು. ಅವತ್ತಿನಿಂದ ಮನೆಯಲ್ಲಿ ಜಗಳ ನಿಂತಿತು. ನನಗೂ ಹಾಯೆನಿಸಿತು.

ಇಲ್ಲೊಂದು ವಿಷಯವನ್ನು ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಒಂದೇ ಜಿಪಿಎಸ್ ಇದ್ದಷ್ಟು ಕಾಲ ಒಬ್ಬ ನೀರಿನಲ್ಲಿದ್ದರೆ ಇನ್ನೊಬ್ಬ ದಡದಲ್ಲಿ ಇರುತ್ತಿದ್ದ. ಸುಮ್ಮನೆ ಕೂರದೆ, ಯಾವಾಗ ದಡಕ್ಕೆ ಬರುತ್ತಾನೋ ಎಂದು ಅವನನ್ನೇ ನೋಡುತ್ತ ನಿಂತಿರುತ್ತಿದ್ದ. ಹೀಗಿರಬೇಕೆಂದು ಯಾರೂ ನಿಯಮ ಮಾಡಿರಲಿಲ್ಲ, ಸರದಿಗೆ ಕಾಯುವ ಚಡಪಡಿಕೆ ಅಷ್ಟೇ. ಎರಡನೆಯದು ಬಂದ ಮೇಲೆ ಇಬ್ಬರೂ ಒಟ್ಟಿಗೆ ಇಳಿಯತೊಡಗಿದರು. ಇದರಿಂದ ಏನು ಕಳೆದುಹೋಯಿತೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಗುರುವಾರ ನನಗೆ ಮಧ್ಯಾಹ್ನದ ಪಾಳಿ. ಎರಡು ಗಂಟೆಗೆ ಮನೆ ಬಿಡುವಾಗ ನನ್ನ ಗಂಡ ಗಾಳಿಪಟದ ಹಗ್ಗಗಳನ್ನು ಬಾಲ್ಕನಿಯ ಕಂಬಿಗೆ ಕಟ್ಟಿ ಉದ್ದ ಸರಿಯಿದೆಯೇ ಎಂದು ನೋಡುತ್ತಿದ್ದರು. ಮೆಟ್ಟಿಲಿಳಿದ ಮೇಲೆ ಅವರು ಮೇಲಿನಿಂದ ಏನೋ ಕೂಗಿದರು, ನನಗೆ ಕೇಳಿಸಲಿಲ್ಲ, ಹೊತ್ತಾಗಿದೆಯೆಂದು ಕೈ ಬೀಸಿ ಹೋದೆ. ಅವರು ಏನು ಹೇಳಿದರೆಂದು ಅಧಿಕಾರಿಗಳು ಕೇಳಿದ್ದಕ್ಕೆ ಗೊತ್ತಿಲ್ಲ ಎಂದು ಉತ್ತರಿಸಿದ್ದೇನೆ.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ. ಎರಡೂ ಜಿಪಿಎಸ್‌ನ ದಾಖಲೆಯನ್ನು ಅಧಿಕಾರಿಗಳು ಕಂಪ್ಯೂಟರಿನಲ್ಲಿ ತೋರಿಸಿದಾಗ ನೋಡಿದ್ದು. ಸಂಜೆ 5.06ಕ್ಕೆ ನನ್ನ ಗಂಡನ ವೇಗ ಐವತ್ತನಾಲ್ಕರಿಂದ ಒಮ್ಮೆಲೇ ಬಿದ್ದು, ಆಮೇಲೆ ಅಲೆಯ ಜೊತೆ ತೇಲುವಷ್ಟು ಮಾತ್ರ ಉಳಿಯಿತು. ಬಿದ್ದಾಗ ಅವರ ಹಲಗೆಯೇ ಅವರ ತಲೆಗೆ ಬಡಿದಿತ್ತೆಂದು ವೈದ್ಯರು ಹೇಳಿದ್ದಾರೆ. 5.07ಕ್ಕೆ ನನ್ನ ತಮ್ಮ ಅವರಿಂದ ಮೂವತ್ತೈದು ಮೀಟರ್ ದೂರದಲ್ಲಿ ಹಾದುಹೋದ. ಆಗ ಅವನ ಹತ್ತು ಸೆಕೆಂಡಿನ ಸರಾಸರಿ ಅರವತ್ತಮೂರು. ಅದು ಅವನ ಈವರೆಗಿನ ಅತಿ ಹೆಚ್ಚಿನ ವೇಗ. ಅವನು ಒಂದು ಕಿಲೋಮೀಟರಿಗೂ ಮುಂದೆ ಹೋಗಿ ತಿರುಗಿ, ನೀರಿನ ಮೇಲೆ ಬಿದ್ದಿದ್ದ ಭಾವನ ಗಾಳಿಪಟವನ್ನು ನೋಡಿ, 5.10ಕ್ಕೆ ಅವರ ಬಳಿ ಬಂದ. ತನ್ನ ಗಾಳಿಪಟವನ್ನು ಬಿಚ್ಚಿ ಬಿಟ್ಟು, ಅವರ ತಲೆಯನ್ನು ಭುಜದ ಮೇಲೆ ಎತ್ತಿ ಹಿಡಿದು ಸೀಟಿ ಊದುತ್ತಿದ್ದನೆಂದೂ, ಆ ಸೀಟಿ ಕೇಳಿಯೇ ತಾವು ದೋಣಿ ತಂದುದೆಂದೂ ದಡದಾಚೆ ಶೆಡ್ ಇರುವ ದೋಣಿ ರಿಪೇರಿಯವರು ಹೇಳಿದ್ದಾರೆ. ಮೂರು ನಿಮಿಷ ಮೊದಲು ಎತ್ತಿದ್ದರೆ ಉಳಿಯುತ್ತಿದ್ದರೇ ಎಂದು ನಾನು ವೈದ್ಯರನ್ನು ಕೇಳಿದೆ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಹೇಳಲಾಗದು ಎಂದರು.

ನನಗೆ 5.50ಕ್ಕೆ ಕೊನೆಯ ನಿಲ್ದಾಣದಲ್ಲಿ ಸುದ್ದಿ ಬಂತು. ಪ್ರಯಾಣಿಕರನ್ನು ಇಳಿಸಿ, ಬಸ್ಸಿನ ಕೀಲಿಯನ್ನು ಕಂಟ್ರೋಲರ್ ಕೈಗೆ ಕೊಟ್ಟು ಆಟೋದಲ್ಲಿ ಹೋದೆ. ಆಸ್ಪತ್ರೆಗೆ ಮುಟ್ಟಿದಾಗ 6.35. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ತಮ್ಮ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಬರಿಗಾಲು, ಮೈಮೇಲೆ ಒದ್ದೆ ಬಟ್ಟೆ, ಯಾರೋ ಹೊದಿಸಿದ ಆಸ್ಪತ್ರೆಯ ಕಂಬಳಿ. ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಎದುರು ಹೋಗಿ ನಿಂತೆ. ಅವನೇ ಹೇಳಿದ.

"ಅಕ್ಕಾ, ಭಾವ ಬಿದ್ದಿದ್ದು ನಾನು ನೋಡ್ಲಿಲ್ಲ. ನಾನು ವಾಚ್ ನೋಡ್ತಾ ಇದ್ದೆ. ಅರವತ್ತಮೂರು ಬಂದಿತ್ತು, ಇನ್ನೂ ಮೇಲೆ ಹೋಗುತ್ತಾ ಅಂತ ಅದನ್ನೇ ನೋಡ್ತಾ ಇದ್ದೆ."

ಆಗ ಹೊಡೆದೆ. ಒಂದೇ ಏಟು, ಎಡಗೆನ್ನೆಗೆ. ಅವನು ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ನಾನೂ ನೆಲದ ಮೇಲೆ ಅವನ ಪಕ್ಕದಲ್ಲೇ ಕುಳಿತೆ. ಪೇದೆಯವರು ಏಟನ್ನು ನೋಡಿ ಹೋಗಿಬಿಟ್ಟರೆಂದು ಕಾಣುತ್ತದೆ. ಬೆಳಗಾಗುವ ತನಕ ನಾವಿಬ್ಬರೂ ಅಲ್ಲೇ ಒಂದೇ ಕಂಬಳಿಯಲ್ಲಿ ಕುಳಿತಿದ್ದೆವೆಂಬುದು ಅವರ ವರದಿಯಲ್ಲಿ ಇಲ್ಲ.

ಭಾವನನ್ನು ಯಾಕೆ ನೋಡಲಿಲ್ಲ ಎಂದು ಅಧಿಕಾರಿಗಳು ಎರಡು ಸಲ ಕೇಳಿದರೂ ನನ್ನ ತಮ್ಮ ಬಾಯಿ ಬಿಟ್ಟಿಲ್ಲವೆಂದು ತಿಳಿಯಿತು. ಯಾರಿಗೂ ಹೇಳಬೇಡವೆಂದು ಅವನು ನನ್ನನ್ನು ಕೇಳಿಕೊಂಡಿಲ್ಲ. ಅವನ ಕಣ್ಣು ಎಲ್ಲಿತ್ತೆಂಬುದು ಜಿಪಿಎಸ್‌ನಲ್ಲಿ ಬರುವುದಿಲ್ಲ. ನಾನು ತುಟಿ ಬಿಚ್ಚದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಇದರಿಂದ ಅವನಿಗೆ ಕೆಡುಕಾಗಬಹುದೆಂಬುದೂ ನನಗೆ ತಿಳಿದಿದೆ. ಆದರೂ ಹೇಳುತ್ತಿದ್ದೇನೆ. ಯಾಕೆಂದರೆ ನನ್ನ ಅತ್ತೆ, ಅವನು ನೋಡಿಯೂ ನೋಡದ ಹಾಗೆ ಹೋದನೆಂದು ನಂಬಿ ಕೂತಿದ್ದಾರೆ. ಮಗ ಕೈ ಚಾಚಿದ್ದ, ಇವನು ಬೆನ್ನು ತಿರುಗಿಸಿದ ಎಂದು ಅವರ ಮನಸ್ಸಿನಲ್ಲಿ ಒಂದು ಚಿತ್ರವಿದೆ. ಆಗಿದ್ದೇ ಸಾಕಷ್ಟು ಕೆಟ್ಟದ್ದು. ಆಗದಿದ್ದನ್ನೂ ಅವರು ಹೊರುವುದು ಬೇಡ.

ನನ್ನ ತಮ್ಮನ ಮೇಲೆ ನನಗೆ ಸಿಟ್ಟಿದೆ. ಇನ್ನೂ ಬಹಳ ದಿನ ಇರುತ್ತದೆ. ಆದರೆ ಸಿಟ್ಟು ಬೇರೆ, ದೂರು ಬೇರೆ. ನಾನು ಹನ್ನೊಂದು ವರ್ಷದಿಂದ ಬಸ್ ಓಡಿಸುತ್ತಿದ್ದೇನೆ, ವೇಗದ ಮುಳ್ಳನ್ನು ದಿನಕ್ಕೆ ನೂರು ಸಲ ನೋಡುತ್ತೇನೆ. ಆ ಗಳಿಗೆಯಲ್ಲಿ ನನ್ನ ಬಸ್ಸಿಗೆ ಈವರೆಗೆ ಯಾರೂ ಅಡ್ಡ ಬಂದಿಲ್ಲ, ಅಷ್ಟೇ. ಅವನ ಮೇಲೆ ನನ್ನ ಕಡೆಯಿಂದ ಯಾವ ದೂರೂ ಇಲ್ಲ. ನಾನು ಹೊಡೆದದ್ದನ್ನು ಅವನು ಕೊಲೆಗಾರನೆಂಬುದಕ್ಕೆ ಸಾಕ್ಷಿಯಾಗಿ ಬಳಸಬಾರದು. ವಾಚ್ ಕೊಡಿಸಿದವಳು ನಾನೆಂಬುದನ್ನೂ ಬರೆದುಕೊಳ್ಳಿ ಎಂದೆ. ಕೊಡಿಸುವುದು ಅಪರಾಧವಲ್ಲವೆಂದು ಅಧಿಕಾರಿಗಳು ಹೇಳಿದರು. ನನಗೂ ಗೊತ್ತು, ಆದರೂ ಬರೆದುಕೊಳ್ಳಿ ಎಂದೆ.

ಕೊನೆಯದಾಗಿ ಒಂದು ಕೋರಿಕೆ. ಶನಿವಾರದಿಂದ ಅತ್ತೆ ನನ್ನ ಜೊತೆ ಮಾತನಾಡುತ್ತಿಲ್ಲ. ನನ್ನ ತಟ್ಟೆಗೆ ಬಡಿಸಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಕೋಣೆಗೆ ಹೋಗುತ್ತಾರೆ. ದೂರು ಕೊಟ್ಟು ಬಂದ ದಿನವೂ ಬಡಿಸಿಟ್ಟಿದ್ದರು. ಈ ಹೇಳಿಕೆಯಲ್ಲಿ ಇರುವುದನ್ನು ಠಾಣೆಯವರು ಅವರಿಗೆ ತಿಳಿಸುವ ಮೊದಲು ನನಗೆ ಒಂದು ಸಂಜೆ ಬಿಡಬೇಕು. ನಾನೇ ಅವರೆದುರು ಕುಳಿತು ಹೇಳುತ್ತೇನೆ.

ಬರೆದದ್ದನ್ನೆಲ್ಲ ಇಲ್ಲಿ ಬರೆದುಕೊಳ್ಳುತ್ತಿದ್ದ ಪೇದೆಯವರು ನನಗೆ ಓದಿ ಹೇಳಿದರು. "ಆವೇಶದಲ್ಲಿ ಹೊಡೆದೆನು" ಎಂದು ಬರೆದಿದ್ದರು, ಅದನ್ನು ತೆಗೆಸಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ, ನನಗೆ ತಿಳಿದ ಮಟ್ಟಿಗೆ ಸತ್ಯ. ಸಹಿಯ ಕೆಳಗೆ ಸಂಬಂಧ ಏನೆಂದು ಬರೆಯಲಿ ಎಂದು ಅವರು ಕೇಳಿದರು. ಮೂರನ್ನೂ ಬರೆಯಿರಿ ಎಂದೆ.

ಸ್ಥಳ: ಬಂದರು ಪೊಲೀಸ್ ಠಾಣೆ
ದಿನ: ಬುಧವಾರ, ಬೆಳಿಗ್ಗೆ 11.40

(ಸಹಿ)
ಮೃತರ ಹೆಂಡತಿ
ಆರೋಪಿತನ ಅಕ್ಕ
ದೂರು ಕೊಟ್ಟವರ ಸೊಸೆ